ಸ್ವರಲಿಪಿಯೂ ಸ್ವರಸ್ಥಾನವೂ: ಮಧುಗಿರಿ ಸೀಮೆಯ ಹಾಡುಗಳನ್ನು ಬರೆದಿಡುವ ವಿಚಾರ

೧

ಕನ್ನಡದ ಜನಪದಗೀತಗಳನ್ನು ಕಲೆಹಾಕಿ ಅಚ್ಚುಮಾಡಿಸುವ ಕಾರ್ಯವು ಮೊದಲಾಗಿ ಬಹುಕಾಲವಾಯಿತು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದಂದಿನಿಂದ ಇಂದಿನವರೆಗೆ ಪ್ರಾಂತಪ್ರಾಂತದ ತ್ರಿಪದಿಗಳೂ ಲಾವಣಿಗಳೂ ಸೋಬಾನೆಗಳೂ ಕಥನಕಾವ್ಯಗಳೂ ಸಾಲುಸಾಲಾಗಿ ಪ್ರಕಟವಾಗಿವೆ. ಈ ಪರಿಶ್ರಮದ ಬೆಲೆಯನ್ನು ಯಾರೂ ಕಡಮೆಮಾಡಿ ಹೇಳಲಾರರು. ಆದರೆ ಈ ಗ್ರಂಥಗಳನ್ನು ಕೈಗೆತ್ತಿಕೊಂಡ ವಾಚಕನಿಗೆ ಒಂದು ಕೊರತೆ ಎದ್ದು ತೋರುತ್ತದೆ. ಹಾಡು ಎಂದು ಹೆಸರಾದ ಆ ಬರಹದಲ್ಲಿ ಮಾತು ಉಂಟು, ಮಟ್ಟು ಇಲ್ಲ. ಎಲ್ಲೋ ಒಂದೆಡೆ ಸಂಗ್ರಾಹಕರು 'ಇಂಥ ಧಾಟಿಯಲ್ಲಿ ಹಾಡುವರು' ಎಂದು ಒಂದು ವಾಕ್ಯವನ್ನು ಸೇರಿಸಿರಬಹುದು. ಆ ಧಾಟಿಯನ್ನು ಕೇಳದವನಿಗೆ ಆ ವಾಕ್ಯದಿಂದ ಆಗುವ ಪ್ರಯೋಜನವು ಅತ್ಯಲ್ಪ.

ಈ ಕೊರತೆಯು ಸಂಗೀತಗಾರರಿಗೆ ಮಾತ್ರ ಸಂಬಂಧಿಸಿದುದೆಂದು ಸಾಹಿತ್ಯದ ಅಧ್ಯಾಪಕರು ಭಾವಿಸುವುದು ಸಹಜ. ಆದರೆ ಅದು ಸರಿಯಲ್ಲ. ನಾಗವರ್ಮನು 'ಛಂದೋಂಬುಧಿ'ಯಲ್ಲಿ ಹೇಳಿದ ಬ್ರಹ್ಮ ವಿಷ್ಣು ರುದ್ರ ಗಣಗಳ ಛಂದಸ್ಸು ಅಕ್ಷರಗಳ ಎಣಿಕೆಯಿಂದಲಾಗಲಿ ಮಾತ್ರೆಗಳ ಎಣಿಕೆಯಿಂದಲಾಗಲಿ ಪೂರ್ತಿ ನಿರ್ಣಯವಾಗತಕ್ಕುದಲ್ಲ. ಒಂದೇ ಗಣವು ಬೇರೆಬೇರೆ ಮಾತ್ರೆಗಳ ರೂಪಗಳನ್ನು ತಾಳುತ್ತದೆ. ಹಾಡುವವರ ಕಂಠದಲ್ಲಿ ಹ್ರಸ್ವವು ನೀಳವಾಗಿ, ದೀರ್ಘವು ಮೊಟಕಾಗಿ, ಪಾದವು ಸಮವಾಗುತ್ತದೆ. ಹಾಗಿರಲು ಧಾಟಿಯನ್ನು ಬಿಟ್ಟು ಮಾತನ್ನು ಮಾತ್ರ ಅಚ್ಚುಮಾಡಿದ ತ್ರಿಪದಿಯಲ್ಲಿ ಕಾಣುವ 'ಛಂದೋಭಂಗ'ವು ನಿಜವಾದ ಭಂಗವೋ, ಲಿಪಿಗೆ ಬಾರದೆಹೋದ ಒಂದು ಎಳೆತವೋ ಎಂಬುದನ್ನು ನಿಶ್ಚಯಿಸುವ ಸಾಧನವೇ ಸಂಪಾದಕನಿಗೆ ಇಲ್ಲ. ಇಲ್ಲದುದರಿಂದಲೇ ಅವನು ಒಂದು ಅಕ್ಷರವನ್ನು ಸೇರಿಸಿ ಮತ್ತೊಂದನ್ನು ತೆಗೆದು 'ತಿದ್ದುವ' ಪ್ರಲೋಭನೆಗೆ ಒಳಗಾಗುತ್ತಾನೆ. ಮಟ್ಟನ್ನು ಬರೆದಿಡುವುದು ಪಠ್ಯದ ಶುದ್ಧಿಗೂ ಸೇರಿದ ವಿಷಯವಾಗಿದೆ.

ಈ ಪ್ರಶ್ನೆಯನ್ನು ಒಂದು ಸೀಮೆಗೆ ಅನ್ವಯಿಸಿ ನೋಡುವುದು ಲೇಸು. ತುಮಕೂರು ಜಿಲ್ಲೆಯ ಉತ್ತರಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಇದಕ್ಕೆ ತಕ್ಕ ಕ್ಷೇತ್ರ. ಶಿರಾ ಪಾವಗಡಗಳ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ತುರುಗಾಯುವ ವೀರನಾದ ಜುಂಜಪ್ಪನ ಕಥೆಯನ್ನು ಗಣೆಯೆಂಬ ಬಿದಿರಿನ ನೀಳವಾದ ಕೊಳಲಿನೊಡನೆ ಹಾಡುವ ಸಂಪ್ರದಾಯವುಂಟು. ಬಯಲುಸೀಮೆಯ ಮೂಡಲಪಾಯದ ಆಟಕ್ಕೆ ಮದ್ದಳೆ ತಾಳಗಳೊಡನೆ ಮುಖವೀಣೆಯು ಪರಂಪರೆಯಿಂದ ಬಂದ ವಾದ್ಯ. ಮದುವೆಯ ಸೋಬಾನೆ, ಬೀಸುವ ಕಲ್ಲಿನ ಪದ, ಭಜನೆಯ ಪದ ಎಲ್ಲೆಲ್ಲಿಯೂ ಇವೆ. ಆಂಧ್ರದ ಊರುಗಳಿಂದ ಬಹುಮಟ್ಟಿಗೆ ಸುತ್ತುವರಿಯಲ್ಪಟ್ಟ ಪಾವಗಡದಲ್ಲಿ ಕನ್ನಡವೂ ತೆಲುಗೂ ಒಂದೇ ಮನೆಯಲ್ಲಿ ಬಳಕೆಯಾಗುವುದರಿಂದ ಧಾಟಿಗಳು ಭಾಷೆಯ ಗಡಿಯನ್ನು ಲಕ್ಷಿಸುವುದಿಲ್ಲ. ಈ ಹಾಡುಗಳನ್ನು ಸ್ವರಲಿಪಿಯಲ್ಲಿ ಇಳಿಸಬೇಕೆಂದರೆ ಯಾವ ಲಿಪಿ ತಕ್ಕುದು? ಈಗ ದೊರೆಯುವ ಪದ್ಧತಿಗಳ ಗುಣದೋಷಗಳೇನು? ಇದೇ ಇಲ್ಲಿನ ವಿಮರ್ಶೆಯ ವಿಷಯ.

೨

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸ್ವರದ ಹೆಸರು ಬೇರೆ, ಸ್ವರದ ಸ್ಥಾನ ಬೇರೆ. ಕನ್ನಡದ ವಿದ್ವಾಂಸರಿಗೆ ಇದನ್ನು ತಿಳಿಯಹೇಳಲು ದೂರದ ಉದಾಹರಣೆ ಬೇಡ. ಹಳಗನ್ನಡದಲ್ಲಿ ರ ಮತ್ತು ಱ, ಳ ಮತ್ತು ೞ ಬೇರೆಬೇರೆ ಧ್ವನಿಗಳಾಗಿದ್ದುವು. ಕೇಶಿರಾಜನು ತನ್ನ ವ್ಯಾಕರಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಎಣಿಸಿ ಹೇಳಬೇಕಾಯಿತು. ಕಿವಿ ಒಂದರಿಂದಲೇ ಎಲ್ಲರಿಗೂ ಭೇದವು ತಿಳಿಯುತ್ತಿದ್ದರೆ ಅಂಥ ಪಟ್ಟಿಯ ಅಗತ್ಯ ಅಷ್ಟಾಗಿ ಇರುತ್ತಿರಲಿಲ್ಲವೆಂದು ಊಹಿಸಬಹುದು. ನುಡಿಯಲ್ಲಿ ಎರಡು ಧ್ವನಿಗಳು ಒಂದಾದ ಮೇಲೆಯೂ ಬರಹದಲ್ಲಿ ಎರಡು ಅಕ್ಷರಗಳು ಕೆಲಕಾಲ ಉಳಿದುವು. ಆಗ ಅಕ್ಷರವು ಉಚ್ಚಾರಣೆಯನ್ನಲ್ಲ, ಶಬ್ದದ ವಂಶವನ್ನು ಹೇಳುತ್ತಿತ್ತು. ಸ್ವರಲಿಪಿಯಲ್ಲಿಯೂ ಹೀಗೆಯೇ ಆಗುತ್ತದೆ.

ಯೂರೋಪಿನ ಸಂಗೀತದ ಚರಿತ್ರೆಯಲ್ಲಿ ಇದಕ್ಕೆ ಬಲವಾದ ನಿದರ್ಶನವಿದೆ. ಶುದ್ಧವಾದ ಷಡ್ಜಪಂಚಮಗಳ ಅಂತರವನ್ನು ನಾಲ್ಕು ಸಲ ಏರಿಸಿ ಎರಡು ಸ್ಥಾಯಿಗಳನ್ನು ಕಳೆದರೆ ದೊರೆಯುವ ಗಾಂಧಾರವು ತಂತಿಯ ಸಹಜನಾದದಿಂದ ಹೊರಡುವ ಗಾಂಧಾರಕ್ಕಿಂತ ಸ್ವಲ್ಪ ತೀವ್ರವಾಗಿರುತ್ತದೆ. ೧೮೮೫ರಲ್ಲಿ ಅಲೆಕ್ಸಾಂಡರ್ ಎಲ್ಲಿಸ್ ಎಂಬ ವಿದ್ವಾಂಸನು ಪ್ರಚಾರಕ್ಕೆ ತಂದ ಮಾನದಂತೆ ಒಂದು ಸ್ಥಾಯಿಯನ್ನು ೧೨೦೦ ಸೆಂಟುಗಳಾಗಿ ಭಾಗಿಸಿದರೆ, ಮೊದಲನೆಯ ಗಾಂಧಾರವು ಸುಮಾರು ೪೦೮ರಲ್ಲಿಯೂ ಎರಡನೆಯದು ಸುಮಾರು ೩೮೬ರಲ್ಲಿಯೂ ಇರುವುವು. ನಡುವಣ ಸುಮಾರು ೨೨ ಸೆಂಟುಗಳ ಈ ಅಂತರವನ್ನು ನಿವಾರಿಸಲು ಹದಿನಾರನೆಯ ಶತಮಾನದ ವಾದ್ಯಗಾರರು ಪ್ರತಿಯೊಂದು ಪಂಚಮವನ್ನೂ ಆ ಅಂತರದ ಕಾಲುಭಾಗದಷ್ಟು ತಗ್ಗಿಸಿದರು. ಪಂಚಮವು ೭೦೨ರಿಂದ ಸುಮಾರು ೬೯೭ಕ್ಕೆ ಇಳಿಯಿತು, ಗಾಂಧಾರವು ಶುದ್ಧವಾಯಿತು. ಷಡ್ಜದಿಂದ ಋಷಭಕ್ಕೆ ಇರುವ ಅಂತರವು ೨೦೪ ಮತ್ತು ೧೮೨ ಎಂಬ ಎರಡು ಬಗೆಗಳ ನಡುವೆ ಸುಮಾರು ೧೯೩ರಲ್ಲಿ ನಿಂತಿತು. ಈ ಸರಾಸರಿ ಅಂತರದಿಂದಲೇ ಆ ಪದ್ಧತಿಗೆ ಮೀನ್‌ಟೋನ್ ಎಂಬ ಹೆಸರು ಬಂದಿದೆ. ೧೫೨೩ರಲ್ಲಿ ಪಿಯೆಟ್ರೋ ಆರೋನ್ ಎಂಬುವನು ಇದರ ವಿವರಣೆಯನ್ನು ಬರೆದನು.

ಇನ್ನು ಲಿಪಿಯ ಗತಿಯನ್ನು ನೋಡಬೇಕು. ಆ ನಾಡಿನ ಬರಹದಲ್ಲಿ ಋಷಭವನ್ನು ಏರಿಸಿದುದಕ್ಕೆ ಒಂದು ಗುರುತು, ಗಾಂಧಾರವನ್ನು ಇಳಿಸಿದುದಕ್ಕೆ ಮತ್ತೊಂದು ಗುರುತು. ಶುದ್ಧಪಂಚಮಗಳಿಂದಲೇ ಶ್ರುತಿಮಾಡಿದ ವಾದ್ಯದಲ್ಲಿ ಏರಿಸಿದ ಋಷಭವು ೩೧೮ರಲ್ಲಿಯೂ ಇಳಿಸಿದ ಗಾಂಧಾರವು ೨೯೪ರಲ್ಲಿಯೂ ಇರುವುವು. ಎಂದರೆ ಋಷಭವೇ ಮೇಲಿನದು. ಮೀನ್‌ಟೋನ್ ವಾದ್ಯದಲ್ಲಿ ಅದೇ ಋಷಭವು ೨೬೯ಕ್ಕೂ ಅದೇ ಗಾಂಧಾರವು ೩೧೦ಕ್ಕೂ ಸರಿದು, ಋಷಭವು ಕೆಳಗಿನದಾಗುತ್ತದೆ. ಸ್ಥಾಯಿಯನ್ನು ಹನ್ನೆರಡು ಸಮಭಾಗಮಾಡಿದ ಈಗಿನ ಹಾರ್ಮೋನಿಯಮ್ಮಿನಲ್ಲಿ ಎರಡೂ ೩೦೦ರಲ್ಲಿ ಒಂದೇ ಕೀಲಿಯಾಗಿ ಬಿಡುತ್ತವೆ. ಬರೆದ ಗುರುತುಗಳು ಮಾತ್ರ ಮೂರು ಕಡೆಗಳಲ್ಲಿಯೂ ಅವೇ. ಇದರಿಂದ ಏನು ಸಿದ್ಧವಾಯಿತು? ಲಿಪಿಯು ಸ್ವರಗಳಿಗೆ ಪರಸ್ಪರವಾಗಿರುವ ಸಂಬಂಧವನ್ನು ತಿಳಿಸಿತೇ ಹೊರತು ಅವುಗಳ ಎತ್ತರವನ್ನು ತಿಳಿಸಲಿಲ್ಲ. ಎತ್ತರವನ್ನು ತಿಳಿಯಲು ವಾದ್ಯವನ್ನು ಯಾವ ಬಗೆಯಲ್ಲಿ ಶ್ರುತಿಮಾಡಿತ್ತು ಎಂಬ ಮತ್ತೊಂದು ಸಂಗತಿಯು ಬೇಕಾಗುತ್ತದೆ.

೩

ದಕ್ಷಿಣದಲ್ಲಿ ಈ ಪ್ರಶ್ನೆಯು ಬೇರೊಂದು ದಾರಿ ಹಿಡಿಯಿತು. ವಿಜಯನಗರದ ಕಾಲದ ರಾಮಾಮಾತ್ಯನು ೧೫೫೦ರಲ್ಲಿ 'ಸ್ವರಮೇಳಕಲಾನಿಧಿ'ಯನ್ನು ರಚಿಸಿ, ವೀಣೆಯ ಮೆಟ್ಟುಗಳ ವ್ಯವಸ್ಥೆಯನ್ನು ವಿವರಿಸಿದನು. ಸಮೀಪದ ಎರಡು ಸ್ವರಗಳಿಗೆ ಎರಡು ಮೆಟ್ಟುಗಳನ್ನು ಇಡುವುದು ವ್ಯವಹಾರಕ್ಕೆ ತೊಡಕೆಂದು ತಿಳಿದು, ಅಂತರಗಾಂಧಾರಕ್ಕೂ ಕಾಕಲಿನಿಷಾದಕ್ಕೂ ಪ್ರತ್ಯೇಕ ಮೆಟ್ಟುಗಳನ್ನು ಬಿಟ್ಟು ಅವುಗಳ ನೆರೆಯ ಸ್ವರಗಳೇ ಅವುಗಳಿಗೆ ಪ್ರತಿನಿಧಿಯಾಗಲೆಂದು ಒಪ್ಪಿದನು. ಇದಾದ ಐದು ವರ್ಷಗಳಿಗೆ, ೧೫೫೫ರಲ್ಲಿ, ಇಟಲಿಯ ವಿಚೆಂಟೀನೋ ಎಂಬುವನು ಮೀನ್‌ಟೋನ್ ಶ್ರುತಿಯ ಸೂಕ್ಷ್ಮಾಂತರಗಳನ್ನು ನುಡಿಸುವುದಕ್ಕಾಗಿ ಒಂದು ಸ್ಥಾಯಿಗೆ ಮೂವತ್ತಕ್ಕೂ ಹೆಚ್ಚು ಕೀಲಿಗಳಿರುವ ವಾದ್ಯವನ್ನು ವರ್ಣಿಸಿ ಗ್ರಂಥವನ್ನು ಪ್ರಕಟಿಸಿದನು. ಒಬ್ಬನು ಕೀಲಿಗಳನ್ನು ಹೆಚ್ಚಿಸಿದನು. ಒಬ್ಬನು ಮೆಟ್ಟುಗಳನ್ನು ಕಡಮೆಮಾಡಿದನು. ಈ ವಿರೋಧಕ್ಕೆ ಕಾರಣವು ವಾದ್ಯದಲ್ಲಿಯೇ ಇದೆ. ಕೀಲಿಯ ವಾದ್ಯದಲ್ಲಿ ಇಲ್ಲದ ಸ್ವರವನ್ನು ಬೆರಳು ಹುಟ್ಟಿಸಲಾರದು. ವೀಣೆಯಲ್ಲಿ ತಂತಿಯನ್ನು ಮೆಟ್ಟಿನ ಮೇಲೆ ಎಳೆದು ಎರಡು ಮೆಟ್ಟುಗಳ ನಡುವಣ ಯಾವ ಸ್ಥಾನವನ್ನಾದರೂ ಮುಟ್ಟಬಹುದು. ಆದುದರಿಂದ ಕರ್ಣಾಟಕ ಸಂಗೀತವು ಸೂಕ್ಷ್ಮವನ್ನು ಮೆಟ್ಟಿಗೆ ವಹಿಸದೆ ಗಮಕಕ್ಕೆ ವಹಿಸಿತು.

ಮಧುಗಿರಿಯ ಸೀಮೆಗೆ ದೂರವಲ್ಲದ ಶಿವಗಂಗೆಯ ಬಳಿಯ ಸಾತನೂರಿನವನೆಂದು ತನ್ನನ್ನು ಹೇಳಿಕೊಂಡ ಪುಂಡರೀಕವಿಠಲನೂ ಅದೇ ಹದಿನಾರನೆಯ ಶತಮಾನದವನು. ಖಾನದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ 'ಸದ್ರಾಗಚಂದ್ರೋದಯ'ವನ್ನು ಬರೆದು, ದಕ್ಷಿಣದ ಮೇಳಪದ್ಧತಿಯನ್ನು ಉತ್ತರದ ರಾಗಗಳಿಗೆ ಹೊಂದಿಸಿದ ಈ ಕನ್ನಡನಾಡಿನ ಶಾಸ್ತ್ರಕಾರನೂ ವೀಣೆಯ ಮೆಟ್ಟುಗಳ ವಿಚಾರವನ್ನು ಕೈಬಿಡಲಿಲ್ಲ. ಸ್ವರಸ್ಥಾನದ ಚರ್ಚೆಯು ಈ ನೆಲಕ್ಕೆ ಹೊಸದಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಹದಿನೇಳನೆಯ ಶತಮಾನದ ವೆಂಕಟಮಖಿಯು ಹನ್ನೆರಡು ಸ್ಥಾನಗಳಿಗೆ ಹದಿನಾರು ಹೆಸರುಗಳನ್ನು ನಿಲ್ಲಿಸಿ ಎಪ್ಪತ್ತೆರಡು ಮೇಳಗಳನ್ನು ಸಾಧಿಸಿದನು. ಚತುಃಶ್ರುತಿ ಋಷಭ, ಶುದ್ಧಗಾಂಧಾರ ಎಂಬ ಎರಡು ಹೆಸರುಗಳಿಗೆ ವೀಣೆಯಲ್ಲಿ ಒಂದೇ ಮೆಟ್ಟು. ಷಟ್ಶ್ರುತಿ ಋಷಭ, ಸಾಧಾರಣ ಗಾಂಧಾರಗಳಿಗೆ ಮತ್ತೊಂದೇ ಮೆಟ್ಟು. ಧೈವತ ನಿಷಾದಗಳಲ್ಲಿಯೂ ಹಾಗೆಯೇ. ರಕಾರ ಱಕಾರಗಳು ಒಂದಾದ ಕಾಲದ ಬರಹದಂತೆ ಇಲ್ಲಿಯೂ ಹೆಸರು ಎರಡು, ಧ್ವನಿ ಒಂದು. ಆದರೂ ಆ ಹೆಸರುಗಳು ವ್ಯರ್ಥವಲ್ಲ. ಸ್ವರವು ಮೇಳದಲ್ಲಿ ಋಷಭದ ಕೆಲಸವನ್ನು ಮಾಡುತ್ತಿದೆಯೋ ಗಾಂಧಾರದ ಕೆಲಸವನ್ನು ಮಾಡುತ್ತಿದೆಯೋ ಎಂಬುದನ್ನು ಅವು ತಿಳಿಸುತ್ತವೆ.

ಈ ಪದ್ಧತಿಗೆ ಸೇರಿದ ರ ರಿ ರು, ಗ ಗಿ ಗು, ಮ ಮಿ, ಧ ಧಿ ಧು, ನ ನಿ ನು ಎಂಬ ಸಂಕೇತಗಳು ಕನ್ನಡ ಲಿಪಿಗೆ ವಿಶೇಷವಾಗಿ ಒಪ್ಪುತ್ತವೆ. ಕಾಗುಣಿತದಲ್ಲಿ ಅ ಇ ಉ ಮೂರಕ್ಕೂ ಹ್ರಸ್ವದೀರ್ಘಗಳಿರುವುದರಿಂದ ಸ್ವರಚಿಹ್ನೆಯ ಗುಣವು ಸ್ಥಾನವನ್ನೂ ಅದರ ಹ್ರಸ್ವದೀರ್ಘತೆಯು ಕಾಲವನ್ನೂ ಏಕಕಾಲದಲ್ಲಿ ಸೂಚಿಸಬಲ್ಲುದು. ರಿ ಎಂದರೆ ಒಂದು ಅಕ್ಷರಕಾಲದ ಚತುಃಶ್ರುತಿ ಋಷಭ. ರೀ ಎಂದರೆ ಅದೇ ಋಷಭ, ಎರಡು ಅಕ್ಷರಕಾಲ. ಮುದ್ರಣಕ್ಕೆ ಹೊಸ ಅಚ್ಚುಮೊಳೆಯೇ ಬೇಡ. ಆದರೂ ಪುಸ್ತಕಗಳಲ್ಲಿ ಸಾಧಾರಣವಾಗಿ ಕಾಣುವುದು ಮೇಲೆ ಮೇಳವನ್ನು ಹೆಸರಿಸಿ ಒಳಗೆ ಬರಿಯ ಸ ರಿ ಗ ಮ ಬರೆಯುವ ಕ್ರಮ. ಮೇಳವು ಮೊದಲೇ ಗೊತ್ತಿರುವ ಕೃತಿಗಳಿಗೆ ಇದು ಸಾಕು. ಮೇಳವೇ ಗೊತ್ತಿಲ್ಲದ ಗಣೆಯ ಪದಕ್ಕೆ ಇದು ಸಾಲದು.

೪

ಹನ್ನೆರಡು ಸ್ಥಾನಗಳು ಸಾಲದಿದ್ದರೆ ಇಪ್ಪತ್ತೆರಡು ಶ್ರುತಿಗಳನ್ನು ಹಿಡಿಯಬಹುದಲ್ಲವೆ ಎಂಬ ಪ್ರಶ್ನೆ ಏಳುತ್ತದೆ. ಭರತನು ಎರಡು ವೀಣೆಗಳನ್ನು ಒಂದೇ ಶ್ರುತಿಗೆ ಕೂಡಿಸಿ, ಒಂದನ್ನು ಹಂತಹಂತವಾಗಿ ಇಳಿಸುತ್ತ ಶ್ರುತಿಗಳನ್ನು ತೋರಿಸಿದ ಪ್ರಯೋಗವು ಸುಪ್ರಸಿದ್ಧ. ೧೯೧೦ರಲ್ಲಿ ದೇವಲರೂ ೧೯೧೩ರಲ್ಲಿ ಕ್ಲೆಮೆಂಟ್ಸ್ ಎಂಬ ಅಧಿಕಾರಿಯೂ ಆ ಇಪ್ಪತ್ತೆರಡಕ್ಕೆ ಗಣಿತದ ಪ್ರಮಾಣಗಳನ್ನು ಕಟ್ಟಿ ಗ್ರಂಥಗಳನ್ನು ಪ್ರಕಟಿಸಿದರು. ಅವುಗಳಿಗೆ ಅನುಸಾರವಾಗಿ ಹಾರ್ಮೋನಿಯಮ್ಮನ್ನೂ ಮಾಡಿಸಿದುದುಂಟು. ತಂಜಾವೂರಿನ ಅಬ್ರಹಾಂ ಪಂಡಿತರು ಇದನ್ನು ಒಪ್ಪದೆ ೧೯೧೭ರ 'ಕರುಣಾಮೃತಸಾಗರಂ' ಎಂಬ ಬೃಹದ್ಗ್ರಂಥದಲ್ಲಿ ಶ್ರುತಿಗಳು ಇಪ್ಪತ್ತನಾಲ್ಕು, ಅವು ಸಮವಾದುವು ಎಂದು ವಾದಿಸಿದರು. ೧೯೧೬ರಲ್ಲಿ ಬರೋಡೆಯಲ್ಲಿ ನಡೆದ ಅಖಿಲ ಭಾರತ ಸಂಗೀತ ಸಮ್ಮೇಳನದಲ್ಲಿ ಶ್ರುತಿಗಳ ವಿಷಯವಾಗಿ ದೀರ್ಘಚರ್ಚೆಯಾಯಿತು; ಒಮ್ಮತ ಉಂಟಾಗಲಿಲ್ಲ.

ಈ ಮತಗಳಲ್ಲಿ ಯಾವುದು ಪ್ರಾಚೀನರ ಅಭಿಪ್ರಾಯವೆಂಬುದು ಇಲ್ಲಿ ಪ್ರಕೃತವಲ್ಲ. ಲಿಪಿಯಾಗಿ ಅವು ಎಷ್ಟು ಉಪಯುಕ್ತವೆಂಬುದನ್ನು ಮಾತ್ರ ಪರೀಕ್ಷಿಸಬೇಕು. ದೃಷ್ಟಾಂತಕ್ಕಾಗಿ, ಒಬ್ಬ ಹಾಡುಗಾರನ ಧಾಟಿಯಲ್ಲಿ ಗಾಂಧಾರವು ೩೪೫ ಸೆಂಟುಗಳಲ್ಲಿ ಮತ್ತೆ ಮತ್ತೆ ನಿಲ್ಲುವುದೆಂದು ಕಲ್ಪಿಸಿಕೊಳ್ಳಬಹುದು. ಉಳಿದ ಸ್ವರಗಳು ಚತುಃಶ್ರುತಿ ಋಷಭ, ಶುದ್ಧಮಧ್ಯಮ, ಚತುಃಶ್ರುತಿ ಧೈವತ, ಕೈಶಿಕಿ ನಿಷಾದಗಳಾಗಿರಲಿ. ಹನ್ನೆರಡು ಸ್ಥಾನಗಳ ಲಿಪಿಯಲ್ಲಿ ಒಬ್ಬ ಲಿಪಿಕಾರನು ಅದನ್ನು ಗಿ ಎಂದು ಬರೆಯುವನು. ಧಾಟಿಯು ಖರಹರಪ್ರಿಯಕ್ಕೆ ಸೇರುವುದು. ಮತ್ತೊಬ್ಬನು ಗು ಎಂದು ಬರೆಯುವನು. ಅದೇ ಧಾಟಿಯು ಹರಿಕಾಂಭೋಜಿಗೆ ಸೇರುವುದು. ಇಬ್ಬರೂ ಪ್ರಾಮಾಣಿಕರೇ. ಮುಂದಿನ ವಿದ್ವಾಂಸನು ಈ ಎರಡು ಬರಹಗಳನ್ನು ಹೋಲಿಸಿ, ಒಂದು ಹಟ್ಟಿಯಲ್ಲಿ ಒಂದು ರಾಗವೂ ಇನ್ನೊಂದು ಹಟ್ಟಿಯಲ್ಲಿ ಮತ್ತೊಂದು ರಾಗವೂ ಬಳಕೆಯಲ್ಲಿತ್ತೆಂದು ಸಿದ್ಧಾಂತಮಾಡಿದರೆ, ಲಿಪಿಯ ದೋಷವೇ ಚರಿತ್ರೆಯಾಗಿ ಪರಿಣಮಿಸಿದಂತಾಯಿತು.

ಇಪ್ಪತ್ತೆರಡು ಶ್ರುತಿಗಳು ಈ ತೊಡಕನ್ನು ಬಿಡಿಸುವುವೆ? ದೇವಲರ ದಾರಿಯಲ್ಲಿ ಸಾಮಾನ್ಯವಾಗಿ ಹೇಳುವ ಪ್ರಮಾಣಗಳಂತೆ, ಸ್ಥಾಯಿಯ ಇಪ್ಪತ್ತೆರಡು ಅಂತರಗಳಲ್ಲಿ ಹತ್ತು ಸುಮಾರು ೨೨ ಸೆಂಟಿನವು, ಐದು ಸುಮಾರು ೭೧ ಸೆಂಟಿನವು, ಏಳು ಸುಮಾರು ೯೦ ಸೆಂಟಿನವು. ಎಂದರೆ ಈ ಜಾಲರಿಯ ಕಣ್ಣುಗಳು ಸಮವಲ್ಲ. ಕೆಲವು ಕಡೆ ಅತಿ ಸೂಕ್ಷ್ಮ, ಕೆಲವು ಕಡೆ ಹಾರ್ಮೋನಿಯಮ್ಮಿನಷ್ಟೇ ಸ್ಥೂಲ. ಸಾಧಾರಣಗಾಂಧಾರದ ೩೧೬ಕ್ಕೂ ಅಂತರಗಾಂಧಾರದ ೩೮೬ಕ್ಕೂ ನಡುವೆ ಯಾವ ಶ್ರುತಿಯೂ ಇಲ್ಲ. ಕಲ್ಪಿಸಿದ ೩೪೫ರ ಗಾಂಧಾರವು ಆ ಬಯಲಿನ ನಡುವೆ ಬೀಳುತ್ತದೆ. ಪಂಡಿತರ ಇಪ್ಪತ್ತನಾಲ್ಕರಲ್ಲಿ ೩೫೦ರ ಸ್ಥಾನವೊಂದಿದೆ. ೧೬೯೧ರಲ್ಲಿ ಹೈಗೆನ್ಸ್ ಎಂಬ ಗಣಿತಜ್ಞನು ಮೀನ್‌ಟೋನ್ ಪದ್ಧತಿಗೆ ಬಹು ಸಮೀಪವೆಂದು ವಿವರಿಸಿದ ಮೂವತ್ತೊಂದು ಸಮಭಾಗಗಳಲ್ಲಿ ೩೪೮ರ ಸ್ಥಾನವಿದೆ. ಇವು ಅಂಕಿಯಲ್ಲಿ ಹತ್ತಿರವೆಂಬುದು ನಿಜ. ಆದರೆ ಅಂಕಿ ಹತ್ತಿರವಾದ ಮಾತ್ರಕ್ಕೆ ಹಾಡುಗಾರನು ಆ ಪದ್ಧತಿಯನ್ನು ಅನುಸರಿಸುತ್ತಿದ್ದಾನೆಂದು ಹೇಳಲಾಗದು. ಜಾಲರಿಯನ್ನು ಸಣ್ಣದಾಗಿಸಿದಷ್ಟೂ ಯಾವ ಮೀನಾದರೂ ಯಾವುದಾದರೊಂದು ಕಣ್ಣಿನ ಬಳಿ ಸಿಕ್ಕುವುದು. ಅದರಿಂದ ಮೀನಿನ ಜಾತಿ ತಿಳಿಯುವುದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಮತ್ತೊಂದಿದೆ. ಶಾಸ್ತ್ರೀಯ ಸಂಗೀತದಲ್ಲಿಯೇ ಸ್ವರಸ್ಥಾನಗಳು ಅಷ್ಟು ಕಟ್ಟುನಿಟ್ಟಾಗಿವೆಯೆ ಎಂಬುದನ್ನು ಯಂತ್ರದಿಂದ ಅಳೆದು ನೋಡಿದ್ದಾರೆ. ೧೯೬೩ರಲ್ಲಿ ಜೈರಾಜಭಾಯ್ ಮತ್ತು ಸ್ಟೋನ್ ಎಂಬ ಸಂಶೋಧಕರು ಉತ್ತರದ ವಾದ್ಯಗಾರರ ಸ್ವರಗಳನ್ನು ಅಳೆದಾಗ ಒಂದೇ ಸ್ವರದ ಸ್ಥಾನವು ಕಲಾವಿದನಿಂದ ಕಲಾವಿದನಿಗೆ, ಒಬ್ಬನ ವಾದನದಲ್ಲಿಯೇ ಸಂದರ್ಭದಿಂದ ಸಂದರ್ಭಕ್ಕೆ, ಸರಿಯುವುದು ಕಂಡುಬಂದಿತು. ೧೯೮೨ರಲ್ಲಿ ಮಾರ್ಕ್ ಲೆವಿಯ ಅಧ್ಯಯನವೂ ಇದನ್ನೇ ಪುಷ್ಟೀಕರಿಸಿತು. ತಂಬೂರಿಯ ಆಧಾರದಲ್ಲಿ ವರ್ಷಗಟ್ಟಲೆ ಸಾಧನೆಮಾಡಿದವರ ಸ್ವರವೇ ಹೀಗಿರಲು, ಹಟ್ಟಿಯ ಗಣೆಗಾರನ ಸ್ವರವನ್ನು ಶ್ರುತಿಯ ಒಂದೊಂದು ಮನೆಯಲ್ಲಿ ಕೂಡಿಸಿ ಬೀಗಹಾಕುವುದು ನ್ಯಾಯವಲ್ಲ. ಬಿದಿರಿನ ಕೊಳಲಿನ ರಂಧ್ರಗಳು ಕೈಯ ಅಳತೆಯಿಂದ ಆದುವು. ಉಸಿರಿನ ಬಲವೂ ಬೆರಳಿನ ಓರೆಯೂ ಸ್ವರವನ್ನು ಏರಿಸಿ ಇಳಿಸುತ್ತವೆ. ಆಧಾರವಾದ್ಯವಿಲ್ಲದ ಹಾಡಿನಲ್ಲಿ ಷಡ್ಜವೇ ಮೆಲ್ಲಗೆ ಸರಿಯುವುದೂ ಅಪೂರ್ವವಲ್ಲ.

೫

ಹಾಗಾದರೆ ಲಿಪಿಯ ಪ್ರಯತ್ನವನ್ನೇ ಬಿಟ್ಟು ಧ್ವನಿಮುದ್ರಣವೊಂದರಿಂದ ತೃಪ್ತಿಪಡಬೇಕೆ? ಇದು ಇಂದು ಪ್ರಬಲವಾದ ವಾದ. ಧ್ವನಿಮುದ್ರಣವು ಎಲ್ಲವನ್ನೂ ಹಿಡಿಯುವುದು ದಿಟ. ಆದರೆ ಎಲ್ಲವನ್ನೂ ಹಿಡಿಯುವುದರಿಂದಲೇ ಅದು ಮುಖ್ಯವಾವುದು ಆಕಸ್ಮಿಕವಾವುದು ಎಂಬುದನ್ನು ಹೇಳುವುದಿಲ್ಲ. ಹಾಡುಗಾರನ ಕೆಮ್ಮೂ ಅದರಲ್ಲಿ ಇರುತ್ತದೆ, ಅವನ ನಿಲುಗಡೆಯ ಸ್ವರವೂ ಇರುತ್ತದೆ. ಶಾಸನದ ಪಡಿಯಚ್ಚು ಇದ್ದರೂ ಪಾಠವನ್ನು ಓದಿ ಬರೆಯಬೇಕಾಗುವಂತೆ, ಧ್ವನಿಮುದ್ರಣವಿದ್ದರೂ ಧಾಟಿಯನ್ನು ವಿಮರ್ಶಿಸಿ ಬರೆಯಬೇಕಾಗುತ್ತದೆ. ಲಿಪಿಯೆಂಬುದು ಒಂದು ನಿರ್ಣಯ. ನಿರ್ಣಯವನ್ನು ಇನ್ನೊಬ್ಬರು ಖಂಡಿಸಬಹುದು, ತಿದ್ದಬಹುದು. ವಿದ್ವತ್ತು ಬೆಳೆಯುವುದು ಆ ದಾರಿಯಿಂದಲೇ.

೧೯೫೮ರಲ್ಲಿ ಚಾರ್ಲ್ಸ್ ಸೀಗರ್ ಎಂಬ ಅಮೆರಿಕದ ವಿದ್ವಾಂಸನು ಸಂಗೀತಲೇಖನವನ್ನು ಎರಡಾಗಿ ವಿಂಗಡಿಸಿದನು: ಹೀಗೆ ಹಾಡಬೇಕೆಂದು ವಿಧಿಸುವ ಬರಹ, ಹೀಗೆ ಹಾಡಿದರೆಂದು ವರ್ಣಿಸುವ ಬರಹ. ಈ ಭೇದದ ಬೆಳಕಿನಲ್ಲಿ ನೋಡಿದರೆ ಹಿಂದಿನ ಗ್ರಂಥಗಳ ಗುಣದೋಷಗಳು ನಿಚ್ಚಳವಾಗುತ್ತವೆ. ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ಎಟ್ಟಯಾಪುರದಿಂದ ತೆಲುಗುಲಿಪಿಯಲ್ಲಿ ಪ್ರಕಟಿಸಿದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯು ವಿಧಿಸುವ ಬರಹದ ಶ್ರೇಷ್ಠ ಉದಾಹರಣೆ. ಕಂಪಿತ, ಸ್ಫುರಿತ, ನೊಕ್ಕು, ಜಾರು ಮೊದಲಾದ ಗಮಕಗಳಿಗೆ ದೀಕ್ಷಿತರು ಬೇರೆಬೇರೆ ಚಿಹ್ನೆಗಳನ್ನು ಏರ್ಪಡಿಸಿದರು. ಸೆಂಟಿನ ಲೆಕ್ಕ ಅದರಲ್ಲಿ ಇಲ್ಲ, ಇರಬೇಕಾದುದೂ ಇಲ್ಲ. ಸ್ವರವು ಎಲ್ಲಿದೆ ಎಂದು ಹೇಳುವುದಕ್ಕೆ ಬದಲಾಗಿ ಸ್ವರವನ್ನು ಏನು ಮಾಡಬೇಕು ಎಂದು ಅವರು ಹೇಳಿದರು. ಸಂಪ್ರದಾಯವನ್ನು ಬಲ್ಲ ಶಿಷ್ಯನಿಗೆ ಇದು ಕೈದೀವಿಗೆ. ಸಂಪ್ರದಾಯವನ್ನು ಅರಿಯದವನಿಗೆ ಆ ಚಿಹ್ನೆಗಳು ಮೂಕ. ಗಣೆಯ ಪದಗಳನ್ನು ಅರಸುವ ಸಂಶೋಧಕನು ಈ ಎರಡನೆಯ ವರ್ಗಕ್ಕೆ ಸೇರಿದವನೆಂಬುದನ್ನು ಮರೆಯಬಾರದು.

ವರ್ಣಿಸುವ ಬರಹಕ್ಕೆ ಮಾದರಿಯೆಂದು ಹಂಗೇರಿಯ ಬೇಲಾ ಬಾರ್ಟೋಕನ ಸಂಗ್ರಹಗಳನ್ನು ಹೇಳಬಹುದು. ಸ್ವರವು ಬರೆದ ಸ್ಥಾನಕ್ಕಿಂತ ಕೊಂಚ ಮೇಲಿದ್ದರೆ ಮೇಲ್ಮುಖವಾದ ಬಾಣ, ಕೊಂಚ ಕೆಳಗಿದ್ದರೆ ಕೆಳಮುಖವಾದ ಬಾಣ. ಇಷ್ಟೇ ಅವನ ಉಪಾಯ. ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬ ಸುಳ್ಳು ನಿಖರತೆಯನ್ನು ಅವನು ನಟಿಸಲಿಲ್ಲ. ಇದಕ್ಕೆ ಹೋಲಿಸಿದರೆ ವಿಚೆಂಟೀನೋ ತನ್ನ ಸೂಕ್ಷ್ಮಸ್ವರಗಳಿಗೆ ಸ್ವರದ ನೆತ್ತಿಯ ಮೇಲೆ ಇಟ್ಟ ಚುಕ್ಕೆಯು ಕನ್ನಡದ ಸ್ವರಲಿಪಿಗೆ ಒಗ್ಗದು. ಇಲ್ಲಿ ಆ ಚುಕ್ಕೆಯು ತಾರಸ್ಥಾಯಿಗೆ ಮೀಸಲಾಗಿದೆ. ಒಂದು ಲಿಪಿಯ ಗುರುತನ್ನು ಮತ್ತೊಂದಕ್ಕೆ ತರುವವರು ಇಂಥ ಘರ್ಷಣೆಗಳನ್ನು ಮೊದಲೇ ಕಾಣಬೇಕು.

ಇಲ್ಲಿ ಹಾರ್ಮೋನಿಯಮ್ಮಿನ ವಿಷಯವನ್ನೂ ಹೇಳಬೇಕು. ೧೯೪೦ರಲ್ಲಿ ಅಖಿಲ ಭಾರತ ರೇಡಿಯೋ ಸಂಸ್ಥೆಯು ತನ್ನ ಕಾರ್ಯಕ್ರಮಗಳಿಂದ ಈ ವಾದ್ಯವನ್ನು ಬಹಿಷ್ಕರಿಸಿತು. ಆ ನಿಷೇಧವು ಸಡಿಲವಾದುದು ೧೯೭೧ರಲ್ಲಿ. ಅದರ ಸಮಶ್ರುತಿಯೂ ಗಮಕಕ್ಕೆ ಒದಗದ ಅದರ ಜಡತೆಯೂ ವಿರೋಧಿಗಳ ಮುಖ್ಯ ಆಕ್ಷೇಪಣೆಗಳಾಗಿದ್ದುವು. ಹಳ್ಳಿಯ ಆಟಗಳಿಗೂ ಭಜನೆಗಳಿಗೂ ಆ ನಿಷೇಧವು ಅನ್ವಯಿಸಲಿಲ್ಲ. ಹಲವು ಮೂಡಲಪಾಯದ ಮೇಳಗಳಲ್ಲಿ ಮುಖವೀಣೆಯ ಬಳಿಗೆ, ಕೆಲವೆಡೆ ಅದರ ಸ್ಥಾನಕ್ಕೇ, ಹಾರ್ಮೋನಿಯಂ ಬಂದಿತು. ಭಾಗವತನ ಕಂಠವು ದಿನವೂ ಕೇಳುವ ವಾದ್ಯದ ಕಡೆಗೆ ವಾಲುವುದು ಸ್ವಭಾವ. ಆದುದರಿಂದ ಈಗ ದೊರೆಯುವ ಧಾಟಿಯಲ್ಲಿ ಹಳೆಯ ಸ್ಥಾನವೆಷ್ಟು, ಕೀಲಿಯಿಂದ ಬಂದುದೆಷ್ಟು ಎಂಬುದನ್ನು ವಿವೇಚಿಸಬೇಕಾಗಿದೆ. ಇಂಥ ಧಾಟಿಯನ್ನು ಮತ್ತೆ ಹಾರ್ಮೋನಿಯಂ ಮುಂದಿಟ್ಟುಕೊಂಡು ಲಿಪಿಗಿಳಿಸಿದರೆ ಆ ವಿವೇಚನೆಯು ಎಂದೆಂದಿಗೂ ಅಸಾಧ್ಯವಾಗುತ್ತದೆ.

೬

ಈ ಪರಾಮರ್ಶೆಯಿಂದ ಹೊರಡುವ ನಿರ್ಣಯಗಳನ್ನು ಸಂಗ್ರಹವಾಗಿ ಹೇಳಬಹುದು. ಹೆಸರಿನ ಕೆಲಸವನ್ನೂ ಅಳತೆಯ ಕೆಲಸವನ್ನೂ ಒಂದೇ ಚಿಹ್ನೆಗೆ ವಹಿಸಿದುದೇ ಶ್ರುತಿಲಿಪಿಗಳ ಮೂಲದೋಷ. ಅವನ್ನು ಬೇರ್ಪಡಿಸಿದರೆ ತೊಡಕು ಬಹುಮಟ್ಟಿಗೆ ಬಿಡುತ್ತದೆ. ಧಾಟಿಯನ್ನು ರ ರಿ ರು ಮೊದಲಾದ ಹದಿನಾರು ಹೆಸರುಗಳಲ್ಲಿ, ಕಾಗುಣಿತದ ಹ್ರಸ್ವದೀರ್ಘಗಳಿಂದ ಕಾಲವನ್ನು ತೋರಿಸಿ, ಬರೆಯತಕ್ಕುದು. ಸ್ವರವು ಮತ್ತೆ ಮತ್ತೆ ಒಂದೇ ಕಡೆಗೆ ಸರಿದಿದ್ದರೆ ಮಾತ್ರ ಬಾಣದ ಗುರುತನ್ನು ಸೇರಿಸತಕ್ಕುದು. ಒಂದು ಸಲದ ಸರಿತಕ್ಕೆ ಗುರುತು ಬೇಡ. ಹಾಡಿನ ಕೆಳಗೆ ಪ್ರತ್ಯೇಕವಾಗಿ, ಹಾಡುಗಾರನು ಹಿಡಿದ ಷಡ್ಜದ ಎತ್ತರವನ್ನೂ, ನಿಲುಗಡೆಯ ಸ್ವರಗಳು ಹಲವು ಆವೃತ್ತಿಗಳಲ್ಲಿ ಎಷ್ಟು ಸೆಂಟಿನಿಂದ ಎಷ್ಟು ಸೆಂಟಿನವರೆಗೆ ಓಡಾಡಿದುವೆಂಬ ವ್ಯಾಪ್ತಿಯನ್ನೂ ಕೊಡ
ತಕ್ಕುದು. ೩೪೫ ಎಂಬ ಒಂಟಿ ಅಂಕಿಗಿಂತ '೩೩೦ರಿಂದ ೩೬೦' ಎಂಬ ವ್ಯಾಪ್ತಿಯು ಹೆಚ್ಚು ಸತ್ಯ. ಈ ಅಳತೆಗೆ ಬೇಕಾದ ಉಪಕರಣವು ಇಂದು ಅಧ್ಯಾಪಕರ ಅಂಗೈಯ ದೂರವಾಣಿಯಲ್ಲಿಯೇ ದೊರೆಯುವುದರಿಂದ ವೆಚ್ಚದ ನೆವವೂ ಉಳಿದಿಲ್ಲ.

ರಾಗದ ಹೆಸರನ್ನು, ಹಾಡುವವರು ತಾವಾಗಿ ಹೇಳಿದ ಹೊರತು, ತಲೆಬರಹದಲ್ಲಿ ಹಾಕಕೂಡದು. ರಾಗವೆಂಬುದು ಸ್ವರಗಳ ಪಟ್ಟಿಯಲ್ಲ. ಅದಕ್ಕೆ ಲಕ್ಷಣ, ಸಂಚಾರ, ಪರಂಪರೆಗಳಿವೆ. ಐದಾರು ಸ್ವರಗಳ ಸಾಮ್ಯವನ್ನು ಕಂಡು ಜುಂಜಪ್ಪನ ಪದಕ್ಕೆ ಮಧ್ಯಮಾವತಿಯೆಂದು ಹೆಸರಿಟ್ಟರೆ, ಮುಂದೆ ಅದನ್ನು ಹಾಡುವ ವಿದ್ಯಾವಂತನು ಮಧ್ಯಮಾವತಿಯನ್ನು ಹಾಡುವನೇ ಹೊರತು ಆ ಪದವನ್ನು ಹಾಡನು. ಹೆಸರು ಅಂಟಿಕೊಂಡ ಮೇಲೆ ಅಳತೆಯನ್ನು ಯಾರೂ ನೋಡುವುದಿಲ್ಲ.

ಇದಕ್ಕೆ ಒಂದು ಪ್ರತಿವಾದವನ್ನು ನಿರೀಕ್ಷಿಸಬಹುದು. ಇಷ್ಟು ಸೂಕ್ಷ್ಮವಾದ ಬರಹವನ್ನು ಓದುವವರಾರು? ಹಟ್ಟಿಯವರಿಗೆ ಅದು ಬೇಡ. ಅವರು ಕೇಳಿ ಕಲಿಯುತ್ತಾರೆ. ಶಾಲೆಯ ಮಕ್ಕಳಿಗೆ ಅದು ಭಾರ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದುದರಿಂದಲೇ ಮೇಲೆ ಹೇಳಿದ ಕ್ರಮದಲ್ಲಿ ಹಾಡಿನ ಸಾಲನ್ನು ಸರಳವಾಗಿ ಇರಿಸಿ ಅಳತೆಯನ್ನು ಅಡಿಗೆ ಇಳಿಸಿದೆ. ಮಕ್ಕಳು ಮೇಲಿನ ಸಾಲನ್ನು ಹಾಡಲಿ. ಸಂಶೋಧಕನು ಕೆಳಗಿನ ಪಟ್ಟಿಯನ್ನು ನೋಡಲಿ. ಹಳಗನ್ನಡ ಕಾವ್ಯದ ಮುದ್ರಣದಲ್ಲಿ ಮೂಲಪಾಠವು ಮೇಲೆ, ಪಾಠಾಂತರಗಳು ಕೆಳಗೆ ಇರುವುದನ್ನು ಕಂಡು ಯಾವ ವಿದ್ಯಾರ್ಥಿಯೂ ಓದುವುದನ್ನು ಬಿಟ್ಟಿಲ್ಲ.

ಮತ್ತೊಂದು ಪ್ರತಿವಾದವು ಹೆಚ್ಚು ಬಲವಾದುದು. ಕೇಳಿ ಕಲಿಯುವ ಪರಂಪರೆಯಿರುವಾಗ ಬರಹವೇ ಅದನ್ನು ಗಡಸಾಗಿಸಿ ಕೆಡಿಸುವುದಿಲ್ಲವೆ? ಕೆಡಿಸಬಹುದು. ಬರೆದ ಒಂದು ರೂಪವೇ ಶುದ್ಧ, ಉಳಿದುವು ಅಪಭ್ರಂಶ ಎಂಬ ಭಾವನೆ ಬೆಳೆದರೆ ಹಾಡುಗಾರನ ಸ್ವಾತಂತ್ರ್ಯಕ್ಕೆ ಭಂಗ ಬರುವುದು. ಇದಕ್ಕೆ ಪರಿಹಾರವು ಬರೆಯದಿರುವುದಲ್ಲ, ಒಬ್ಬರದನ್ನೇ ಬರೆಯದಿರುವುದು. ಶಿರಾದ ಒಂದು ಹಟ್ಟಿಯ ಪಾಠದೊಡನೆ ಪಾವಗಡದ ಒಂದು ಹಟ್ಟಿಯ ಪಾಠವನ್ನೂ, ಕೊರಟಗೆರೆಯ ಒಬ್ಬ ಸೋಬಾನೆಯ ಹೆಂಗಸಿನ ಧಾಟಿಯೊಡನೆ ಮಧುಗಿರಿಯ ಮತ್ತೊಬ್ಬಳ ಧಾಟಿಯನ್ನೂ ಪಕ್ಕಪಕ್ಕದಲ್ಲಿ ಅಚ್ಚುಮಾಡಿದರೆ, ವೈವಿಧ್ಯವೇ ಸ್ವಭಾವವೆಂಬುದು ಪುಟದಿಂದಲೇ ತಿಳಿಯುತ್ತದೆ.

ಮಾತನ್ನು ಮಾತ್ರ ಉಳಿಸಿದ ಸಂಗ್ರಹವು ಗೆದ್ದುದು ಅರ್ಧ. ಗಣೆಯನ್ನು ನುಡಿಸಬಲ್ಲ ಹಿರಿಯರು ದಿನೇ ದಿನೇ ಕಡಮೆಯಾಗುತ್ತಿರಲು, ಅವರ ಗಾಂಧಾರವು ಯಾವ ಮೇಳದ್ದೆಂದು ವಾದಿಸುವುದಕ್ಕೆ ಮೊದಲು ಅದು ಎಲ್ಲಿ ನಿಲ್ಲುತ್ತಿತ್ತೆಂಬುದನ್ನು ಗುರುತಿಸಿ ಇಡುವುದು ಯುಕ್ತ. ವಾದಕ್ಕೆ ಮುಂದಿನವರಿಗೆ ಕಾಲವಿದೆ. ಕೇಳುವುದಕ್ಕೆ ಇಂದಿನವರಿಗೆ ಮಾತ್ರ ಅವಕಾಶವಿದೆ.